ಎಂಟು ಜಿಬಿಯ ಪಾಳಿ

ಇವತ್ತು ಮುಂಜಾನೆ ಅಂಗಡಿ ತೆರೆದು ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಪರದೆ ಬೆಳಗಲಿಲ್ಲ. ಒಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು, ಬದಿಯ ಸಣ್ಣ ದೀಪವೂ ಉರಿಯುತ್ತಿತ್ತು, ಪರದೆ ಮಾತ್ರ ಕರ್ರಗೆ. ಹಳೆಯ ಮಷಿನ್‌ಗಳಿಗೆ ಮಳೆಗಾಲದಲ್ಲಿ ಬರುವ ರೋಗ ಇದು. ಮದ್ದೂ ಸಣ್ಣದೇ. ಮಷಿನ್ನನ್ನು ಬೋರಲು ಹಾಕಿ, ಕೆಳಗಿನ ಮುಚ್ಚಳದ ಎರಡು ತಿರುಪು ಬಿಚ್ಚಿ, ಒಳಗಿನ ರ‍್ಯಾಮ್ ಪಟ್ಟಿಯನ್ನು ಹೊರಗೆ ತೆಗೆದು, ಅದರ ಅಂಚಿನ ಹಳದಿ ಗೆರೆಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಆಮೇಲೆ ಬಾಯಿಂದ ಊದಿ ಮತ್ತೆ ಕೂರಿಸಿದರೆ ಪರದೆ ಬರುತ್ತದೆ.

ಆ ರಬ್ಬರಿನ ವಾಸನೆ ನಿಮಗೂ ಗೊತ್ತಿರಬೇಕು. ಹೆಚ್ಚಿನವರಿಗೆ ಅದು ಎರಡನೇ ಕ್ಲಾಸಿನ ಬೆಂಚನ್ನೋ, ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಂಡಿದ ಮಾಸ್ತರರನ್ನೋ ನೆನಪಿಗೆ ತರುತ್ತದೆ. ನನಗೆ ದೇವಿಂದ್ರನನ್ನು ತರುತ್ತದೆ. ಈ ಮದ್ದು ಕಲಿಸಿದವನು ಅವನೇ. ಅವನು ತೀರಿಹೋಗಿ ಈ ಪಂಚಮಿಗೆ ಒಂದು ವರ್ಷವಾಯಿತು.

ಉಜ್ಜುತ್ತಿದ್ದ ಪಟ್ಟಿ ಎಂಟು ಜಿಬಿಯದು. ಬೆರಳುದ್ದದ ಹಸಿರು ಹಲಗೆ, ಅದರ ಮೇಲೆ ನಾಲ್ಕಾರು ಕಪ್ಪು ಚೌಕ. ಅದರಲ್ಲಿ ಅರ್ಧ ನನ್ನದು, ಅರ್ಧ ಅವನದು. ಮುರಿದು ಹಂಚಿಕೊಳ್ಳುವ ಅರ್ಧವಲ್ಲ. ಒಂದು ವಾರ ನನ್ನ ಮಷಿನ್ನಿನಲ್ಲಿ, ಒಂದು ವಾರ ಅವನ ಮಷಿನ್ನಿನಲ್ಲಿ, ಹೀಗೆ ಪಾಳಿಯ ಮೇಲೆ ಎರಡು ವರ್ಷಕ್ಕೂ ಹೆಚ್ಚು ನಡೆಸಿದೆವು. ಒಂದೇ ಒಂದು ಸಲ ನಾನು ಅವನ ಪಾಳಿಯನ್ನು ನುಂಗಿದೆ. ಅದು ಅವನ ಕೊನೆಯ ಪಾಳಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನುಂಗುತ್ತಿರಲಿಲ್ಲ ಎಂದು ಹೇಳಿಕೊಂಡು ಸಮಾಧಾನಪಡಲು ನೋಡಿದ್ದೇನೆ, ಆಗಿಲ್ಲ. ಹೇಳಬೇಕಾದದ್ದು ಇಷ್ಟೇ. ನಿಮಗೆ ಪುರುಸೊತ್ತಿದ್ದರೆ ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ನನ್ನದು ಸುರಪುರದಲ್ಲಿ ಫೋಟೋ ಸ್ಟುಡಿಯೋ. ಸ್ಟುಡಿಯೋ ಎಂದರೆ ದೊಡ್ಡ ಮಾತಾಯಿತು. ಎಂಟಡಿ ಅಗಲದ ಮಳಿಗೆ, ಗೋಡೆಗೆ ಒಂದು ನೀಲಿ ಬಟ್ಟೆ, ಎರಡು ಕೊಡೆ ದೀಪ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ತಲೆ ತೀಡಿಕೊಳ್ಳಲು ಹಲ್ಲು ಮುರಿದ ಒಂದು ಬಾಚಣಿಕೆ. ಪಿಯುಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನಿಗೆ ಇದೇ ಹೆಚ್ಚು. ದೇವಿಂದ್ರನ ಸ್ಟುಡಿಯೋ ಶಹಾಪುರದಲ್ಲಿ, ನನ್ನದಕ್ಕಿಂತ ಒಂದಡಿ ಅಗಲ. ಆ ಒಂದಡಿಯನ್ನು ಅವನು ಯಾವಾಗಲೂ ಎತ್ತಿ ಆಡುತ್ತಿದ್ದ. ಮದುವೆ ಆಲ್ಬಂಗಳನ್ನು ಅಚ್ಚು ಹಾಕಿಸಲು ಇಬ್ಬರೂ ಕಲಬುರಗಿಯ ಒಂದೇ ಲ್ಯಾಬಿಗೆ ಹೋಗುತ್ತಿದ್ದೆವು. ಅಲ್ಲಿನ ಬೆಂಚಿನ ಮೇಲೆ ನಂಬರಿಗೆ ಕಾಯುತ್ತ ಕೂತಾಗ ಪರಿಚಯ. ಅವನು ನನ್ನ ಆಲ್ಬಂ ತೆಗೆದು ನೋಡಿದ, ನಾನು ಅವನದನ್ನು ನೋಡಿದೆ. ನನ್ನ ಮದುಮಕ್ಕಳ ಹಿಂದೆ ಹಿಮದ ಬೆಟ್ಟಗಳಿದ್ದವು, ಅವನ ಮದುಮಕ್ಕಳ ಹಿಂದೆ ಜಲಪಾತಗಳು. ಪುಟ ತಿರುವಿದಂತೆಲ್ಲ ಜಲಪಾತ. ಅರಿಸಿನ ಹಚ್ಚುವಲ್ಲೂ ಜಲಪಾತ, ಅಕ್ಕಿಕಾಳು ಹಾಕುವಲ್ಲೂ ಜಲಪಾತ. ಯಾಕಪ್ಪ ಇಷ್ಟು ನೀರು ಎಂದು ಕೇಳಿದ್ದಕ್ಕೆ, ನಮ್ಮೂರಿಗೆ ನೀರು ಬರೋ ದಾರಿ ಇದೊಂದೇ ಎಂದ.

ಅದು ಬರೀ ತಮಾಷೆಯಲ್ಲ. ನಾರಾಯಣಪುರದಿಂದ ಬರುವ ಕಾಲುವೆ ಮೊದಲು ನಮ್ಮ ಕಡೆ, ಆಮೇಲೆ ಅವರ ಕಡೆ. ನಮ್ಮ ಹೊಲ ದೇವಾಪುರದ ಹತ್ತಿರ ಕಾಲುವೆಯ ಮೇಲಿನ ತುದಿಯಲ್ಲಿದೆ. ದೇವಿಂದ್ರನ ಹೊಲ ಶಹಾಪುರದ ಆಚೆ, ಕಾಲುವೆ ಇನ್ನೇನು ಮುಗಿಯಿತು ಎನ್ನುವಲ್ಲಿ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ, ಇದಕ್ಕೆ ನಮ್ಮಲ್ಲಿ ಚಾಲೂ-ಬಂದ್ ಎನ್ನುತ್ತಾರೆ. ಬಿಟ್ಟ ದಿನಗಳಲ್ಲೂ ಯಾರ ಹೊಲಕ್ಕೆ ಯಾವಾಗ ಎಂಬ ಪಾಳಿ ಇದೆ. ಕಾಗದದಲ್ಲಿ ಎಲ್ಲರ ಹೆಸರೂ ಇದೆ. ಆದರೆ ಮೇಲಿನವರ ಪಾಳಿ ಮುಗಿದ ಮೇಲೂ ಅವರ ತೂಬಿನ ಬಾಗಿಲು ನಾಲ್ಕು ಬೆರಳು ತೆರೆದೇ ಇರುತ್ತದೆ. ನಮ್ಮಪ್ಪ ಅದರ ಕೆಳಗೆ ಒಂದು ಕಲ್ಲು ಇಡುತ್ತಿದ್ದ. ಅದು ಕಳವು ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಭತ್ತ ಹೊಡೆ ಬಿಡುವ ಹೊತ್ತಿನಲ್ಲಿ ನೀರು ಹೆಂಗೆ ನಿಲ್ಲಿಸಲಿ ಎನ್ನುತ್ತಿದ್ದ, ಅಷ್ಟೇ. ಕೊನೆಯ ಹೊಲದವರಿಗೂ ಭತ್ತವೋ ಹತ್ತಿಯೋ ಇರುತ್ತದೆ ಎಂಬುದು ಅವನ ಕಣ್ಣಿಗೆ ಕಾಣದಷ್ಟು ದೂರ. ನಾನು ಈ ಕಲ್ಲಿನ ಕತೆಯನ್ನು ಒಂದು ಸಲ ದೇವಿಂದ್ರನಿಗೆ ನಗುತ್ತ ಹೇಳಿದೆ. ಅವನೂ ನಕ್ಕ.

"ನಿಮ್ಮಪ್ಪಗ ಹೇಳೋ, ಒಂದ್ ವರ್ಷ ಆ ಕಲ್ಲು ತೆಗೀ ಅಂತ. ನಮ್ಮೂರಾಗ ಕಪ್ಪಿ ಹೆಂಗ ಕೂಗ್ತಾವ ಕೇಳೂಣು."

ಇಬ್ಬರೂ ಕೂಡಿ ಗುರುಮಠಕಲ್ ಮೇಲೆ ಹಾಯುವ ಬಸ್ಸು ಹಿಡಿದು ಹೈದರಾಬಾದಿಗೆ ಹೋಗಿ ಲ್ಯಾಪ್‌ಟಾಪ್ ತಂದಿದ್ದೆವು. ಯಾವುದೋ ಆಫೀಸಿನವರು ಬಳಸಿ ಬಿಟ್ಟವು. ಒಂದೇ ಕಂಪನಿ, ಒಂದೇ ಮಾಡೆಲ್ಲು, ಬೆನ್ನಿನ ಮೇಲೆ ಒಂದೇ ತರದ ನಂಬರ್ ಚೀಟಿ. ದೇವಿಂದ್ರ ತನಗೆ ಬರುವ ಹತ್ತು ತೆಲುಗು ಮಾತುಗಳನ್ನೇ ತಿರುಗಿಸಿ ಮುರುಗಿಸಿ ಅರ್ಧ ತಾಸು ಚೌಕಾಶಿ ಮಾಡಿದ. ಅವಳಿ ಕರುಗಳನ್ನು ಹಿಡಿದುಕೊಂಡು ಬಂದಂತೆ ಬಂದೆವು. ಒಂದೆರಡು ವರ್ಷ ಚೆನ್ನಾಗಿ ನಡೆದವು. ಆಮೇಲೆ ಕ್ಯಾಮೆರಾಗಳು ದೊಡ್ಡವಾದವು, ಫೋಟೋಗಳು ಭಾರವಾದವು, ಆಲ್ಬಂ ಮಾಡುವ ಸಾಫ್ಟ್‌ವೇರ್ ಹೊಸದಾಯಿತು. ಒಂದು ಪುಟ ತೆರೆಯಲು ಒತ್ತಿದರೆ ಪರದೆಯ ನಡುವೆ ಆ ಗಾಲಿ ಸುತ್ತುತ್ತ ನಿಲ್ಲುತ್ತಿತ್ತು. ಎದ್ದುಹೋಗಿ ಚಾ ಕುಡಿದು ಬಂದರೂ ಅದು ಸುತ್ತುತ್ತಲೇ ಇರುತ್ತಿತ್ತು. ಹೊಸ ಮಷಿನ್ ತರುವ ಮಾತೇ ಇರಲಿಲ್ಲ. ಇದ್ದದ್ದಕ್ಕೆ ಏನಾದರೂ ಹಾಕಿಸಬೇಕು, ಇಬ್ಬರ ಹತ್ತಿರ ಕೂಡಿ ಇದ್ದದ್ದು ಒಂದೇ ಒಂದು ಸಾಮಾನಿಗೆ ಸಾಲುವಷ್ಟು ಹಣ.

ಯಾವುದು ಆ ಒಂದು? ಈ ಪ್ರಶ್ನೆಯನ್ನು ನಾವು ಒಂದು ತಿಂಗಳು ಅಗಿದೆವು. ಅಷ್ಟು ವಿಚಾರವನ್ನು ನನ್ನ ಮದುವೆಗೂ ಮಾಡಿರಲಿಲ್ಲ. ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ದೊಡ್ಡ ಪಂಡಿತನಾಗಿದ್ದೆ. ಎಸ್‌ಎಸ್‌ಡಿ ಎಂಬ ಹೊಸ ತರದ ಡಿಸ್ಕು ಹಾಕಿದರೆ ಹಳೆಯ ಮಷಿನ್ ಕುದುರೆಯಂತೆ ಓಡುತ್ತದೆ ಎಂದು ನಂಬಿದ್ದೆ. ಕರೆಂಟು ಹೋದರೆ ಮಾಡಿದ್ದೆಲ್ಲ ಹಾಳಾಗುತ್ತದಲ್ಲ, ಮೊದಲು ಬ್ಯಾಟರಿ ಹಾಕಿಸಿ ಎಂದು ನನ್ನ ಹೆಂಡತಿ. ದೇವಿಂದ್ರ ಮಾತ್ರ ರ‍್ಯಾಮ್ ಎನ್ನುತ್ತಿದ್ದ. ಕೊನೆಗೆ ಇಬ್ಬರೂ ಯಾದಗಿರಿಗೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ಮತ್ತೆ ಅದೇ ಜಗಳ. ಅಂಗಡಿಯ ಚಾಚಾ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಆಗ ದೇವಿಂದ್ರ ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಡಿಸ್ಕ್ ಅಂದ್ರ ಹಗೇವು, ಕಾಳು ಇಡೂ ಜಾಗ. ರ‍್ಯಾಮ್ ಅಂದ್ರ ಕಣ. ನೀ ಹೇಳೂ ಎಸ್‌ಎಸ್‌ಡಿ ಹಾಕಿದ್ರ ಹಗೇವಿನ ಬಾಯಿ ದೊಡ್ಡದಾಗ್ತದ, ಕಾಳು ಲಗೂನ ಹೊರಗ ಬರ್ತದ, ಖರೆ ಅದ. ಬಂದ ಕಾಳು ಎಲ್ಲಿ ಸುರೀತಿ? ಕಣಾನೇ ಚಾಪಿ ಅಗಲ ಅದ."

ನೆಲದಲ್ಲಿ ಗುಂಡಿ ತೋಡಿ ಕಾಳು ಹುಗಿದಿಡುವ ಹಗೇವನ್ನು ಈಗಿನವರು ನೋಡಿರಲಿಕ್ಕಿಲ್ಲ. ನಾನು ನೋಡಿದವನಾದ್ದರಿಂದ ಅವನ ಮಾತಿಗೇ ಒಪ್ಪಿದೆ. ಪಂಡಿತಿಕೆ ಅಲ್ಲಿಗೆ ಮುಗಿಯಿತು.

ಚಾಚಾ ಎರಡು ನಾಲ್ಕು ಜಿಬಿ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟರು. ಒಬ್ಬೊಬ್ಬರು ಒಂದೊಂದು ತೊಗೊಳ್ಳಿ, ಎಂಟರ ಒಂದು ಪಟ್ಟಿಗೂ ಇವೆರಡಕ್ಕೂ ರೇಟು ಹೆಚ್ಚು ಕಡಿಮೆ ಒಂದೇ, ಜಗಳವೂ ಇಲ್ಲ ಎಂದರು. ನ್ಯಾಯವಾದ ಮಾತು. ನಾನು ಕೈ ಚಾಚಿಯೂ ಬಿಟ್ಟಿದ್ದೆ. ದೇವಿಂದ್ರ ಬೇಡವೆಂದ. ನಾಲ್ಕು ಹಾಕಿದರೆ ಇಬ್ಬರ ಮಷಿನ್ನೂ ಇನ್ನೊಂದು ವರ್ಷ ಕುಂಟುತ್ತವೆ, ಎಂಟು ಹಾಕಿದರೆ ಒಂದಾದರೂ ಓಡುತ್ತದೆ. ಎಲ್ಲರ ಹೊಲಕ್ಕೆ ಬೆರಳಷ್ಟು ನೀರು ಬಿಟ್ಟರೆ ಯಾರ ಹೊಲವೂ ನೆನೆಯುವುದಿಲ್ಲ. ಒಬ್ಬನದು ತುಂಬಲಿ, ಆಮೇಲೆ ಇನ್ನೊಬ್ಬನದು. ಮಷಿನ್ ಎರಡೂ ಒಂದೇ ಮಾಡೆಲ್ಲು, ಪಟ್ಟಿ ಇದಕ್ಕೂ ಕೂಡುತ್ತದೆ ಅದಕ್ಕೂ ಕೂಡುತ್ತದೆ. ವಾರಕ್ಕೊಬ್ಬರಂತೆ ಪಾಳಿ ಹಚ್ಚಿದರಾಯಿತು. ಚಾಚಾ ನಕ್ಕರು. ನೀರಿನ ಲೆಕ್ಕವನ್ನು ಮೆಮೊರಿಗೆ ಹಚ್ಚುವ ಗಿರಾಕಿಯನ್ನು ಇಷ್ಟು ವರ್ಷದಲ್ಲಿ ಇವತ್ತೇ ನೋಡಿದೆ ಎಂದರು.

ಹುಟ್ಟಿದಾಗಿನಿಂದ ಪಾಳಿಯಲ್ಲಿ ಮೋಸ ಹೋದ ಮನೆತನದವನು, ಮೇಲಿನ ಹೊಲದವನ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು, ಪಾಳಿಯನ್ನೇ ನಂಬಿದ. ಆ ದಿನ ನನಗೆ ಇದು ಹೊಳೆಯಲೇ ಇಲ್ಲ. ಬುದ್ಧಿವಂತ ಇದಾನೆ ಎಂದಷ್ಟೇ ಅಂದುಕೊಂಡೆ.

ನಮ್ಮ ಕಡೆ ಊರಿಂದೂರಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುವ ರೂಢಿ ಇದೆ. ಶಹಾಪುರದಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ರೊಟ್ಟಿ ಗಂಟು ಬಸ್ಸಿನಲ್ಲೇ ಬರುತ್ತದೆ. ಕಂಡಕ್ಟರು ಅದನ್ನು ಎಂಜಿನ್ ಪಕ್ಕ ಇಟ್ಟುಕೊಂಡು ಬಂದು ಇಳಿಸುತ್ತಾನೆ. ನಮ್ಮ ರ‍್ಯಾಮ್ ಕೂಡ ಹಾಗೆಯೇ ಓಡಾಡಿತು. ದೇವಿಂದ್ರನ ತಾಯಿಯ ಹಳೆಯ ಚಾಳೀಸಿನ, ಅಂದರೆ ಕನ್ನಡಕದ, ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಹಾಕಿ, ಅದರಲ್ಲಿ ಪಟ್ಟಿ ಇಟ್ಟು, ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಕೊಟ್ಟರೆ ಶಹಾಪುರದ ನಿಲ್ದಾಣದಲ್ಲಿ ಅವನು ನಿಂತಿರುತ್ತಿದ್ದ. ಮುಂದಿನ ಸೋಮವಾರ ಸುರಪುರದಲ್ಲಿ ನಾನು. ಪ್ರತಿ ವಾರ ಒಂದೇ ಚಾಳೀಸು ಹಿಂಗೇಕೆ ತಿರುಗುತ್ತದೆ, ನಿಮ್ಮಿಬ್ಬರಿಗೂ ಕೂಡಿ ಒಂದೇ ಜೋಡಿ ಕಣ್ಣೇನು ಎಂದು ಕಂಡಕ್ಟರು ಗೇಲಿ ಮಾಡುತ್ತಿದ್ದ.

ಒಂದು ವರ್ಷ ಹೀಗೆ ನಡೆದ ಮೇಲೆ ದೇವಿಂದ್ರನ ಮುಖ ಬಾತುಕೊಳ್ಳತೊಡಗಿತು. ಕಾಲೂ ಬಾತವು. ಕಿಡ್ನಿ ಎರಡೂ ಹೋಗಿವೆ ಎಂದರು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಯಾದಗಿರಿಯ ಆಸ್ಪತ್ರೆಗೆ ಹೋಗಿ ಮಷಿನ್ನಿನಿಂದ ರಕ್ತ ಶುದ್ಧ ಮಾಡಿಸಿಕೊಂಡು ಬರುವುದು ಶುರುವಾಯಿತು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಜನ ಕೂತಿದ್ದರು. ಅವನು ನನ್ನ ಕಿವಿಯ ಹತ್ತಿರ ಬಾಗಿ, ಇಲ್ಲೂ ಪಾಳಿನೇ ನೋಡು, ಆದ್ರ ಇಲ್ಲಿ ಯಾರೂ ಕಲ್ಲು ಇಡಂಗಿಲ್ಲ ಎಂದ. ಆಸ್ಪತ್ರೆಯ ದಿನಗಳಲ್ಲಿ ಅವನಿಗೆ ಏನೂ ಮಾಡಲಾಗುತ್ತಿರಲಿಲ್ಲ. ಬಂದು ಮಲಗಿಬಿಡುತ್ತಿದ್ದ. ಹೀಗಾಗಿ ಅವನ ಪಾಳಿಯ ಏಳು ದಿನದಲ್ಲಿ ಎರಡು ದಿನ ಹೋಗಿ ಐದೇ ಉಳಿಯುತ್ತಿದ್ದವು. ನನಗೆ ಏಳಕ್ಕೆ ಏಳೂ ಇರುತ್ತಿದ್ದವು. ಇದನ್ನು ಸರಿಮಾಡಬೇಕು ಎಂದು ನನಗೆ ಅನ್ನಿಸಿತ್ತು. ಅನ್ನಿಸಿದ್ದು ಅಲ್ಲೇ ಉಳಿಯಿತು.

ಹೋದ ವರ್ಷ ಮದುವೆಯ ಕಾಲ ಮುಗಿದ ಮೇಲೆ ಅವನು ಸ್ಟುಡಿಯೋ ಮುಚ್ಚುವುದಾಗಿ ಹೇಳಿದ. ಕ್ಯಾಮೆರಾ ಹಿಡಿದು ನಿಲ್ಲಲು ಆಗುವುದಿಲ್ಲ, ಕೈಯಲ್ಲಿ ಒಂದೇ ಆಲ್ಬಂ ಉಳಿದಿದೆ, ಅದೊಂದು ಮುಗಿಸಿ ಕೊಟ್ಟುಬಿಟ್ಟರೆ ಮನೆಯಲ್ಲೇ ಹೆಂಡತಿ ಮಗಳ ಜೊತೆ ಇದ್ದುಬಿಡುತ್ತೇನೆ ಎಂದ. ಅವನ ಊರ ಪಕ್ಕದ ಒಂದು ಹುಡುಗಿಯ ಮದುವೆ ಆಲ್ಬಂ ಅದು. ಮದುವೆಯಾದ ಹೆಣ್ಣುಮಕ್ಕಳು ಮೊದಲ ಪಂಚಮಿಗೆ ತವರಿಗೆ ಬರುತ್ತಾರೆ. ಬಂದಾಗ ಆಲ್ಬಂ ಮನೆಯಲ್ಲಿರಬೇಕು, ಓಣಿಯ ಹೆಂಗಸರೆಲ್ಲ ಕೂತು ನೋಡಬೇಕು. ಅದಕ್ಕೇ ನಮ್ಮಂಥವರಿಗೆ ಪಂಚಮಿ ಎಂದರೆ ಗಡುವು. ಅವನಿಗೆ ಒಂದು ಆಲ್ಬಂ. ನನಗೆ ಮೂರು.

ಪಂಚಮಿಗೆ ಹತ್ತು ಹನ್ನೊಂದು ದಿನ ಇರುವಾಗ ಸೋಮವಾರ ಬಂತು. ಅವನ ಪಾಳಿ. ನನ್ನ ಮೂರರಲ್ಲಿ ಒಂದು ಆಲ್ಬಂ ಇನ್ನೂ ಅರ್ಧಕ್ಕೆ ನಿಂತಿತ್ತು, ಅದೂ ಒಬ್ಬ ದೊಡ್ಡ ಮನುಷ್ಯರ ಮನೆಯದು. ಎರಡು ದಿನ ಇಟ್ಟುಕೊಂಡರೆ ಮುಗಿಯುತ್ತದೆ ಅನ್ನಿಸಿತು. ಫೋನ್ ಮಾಡಿ ಹೀಗಿದೆ ಎಂದು ಕೇಳಿದ್ದರೆ ಅವನು ಇಟ್ಟುಕೋ ಎನ್ನುತ್ತಿದ್ದ. ನನಗದು ಗೊತ್ತಿತ್ತು. ಆದರೂ ಕೇಳಲಿಲ್ಲ. ಕೇಳಿ ಪಡೆದರೆ ಉಪಕಾರವಾಗುತ್ತದೆ, ಉಪಕಾರವಾದರೆ ಅವನ ಐದು ದಿನದಲ್ಲಿ ಎರಡು ದಿನ ತೆಗೆದುಕೊಂಡೆ ಎಂದು ಒಪ್ಪಿಕೊಂಡಂತಾಗುತ್ತದೆ. ಅದಕ್ಕೆ ಮಧ್ಯಾಹ್ನ ಅವನೇ ಫೋನ್ ಮಾಡಿದಾಗ ಕಂಡಕ್ಟರಿಗೆ ಕೊಟ್ಟಿದ್ದೇನೆ, ಅವನು ಇಳಿಸಲು ಮರೆತಿರಬೇಕು, ಬಸ್ಸು ತಿರುಗಿ ಬಂದಾಗ ಕೇಳಿ ನೋಡುತ್ತೇನೆ ಎಂದೆ. ಡಬ್ಬಿ ನನ್ನ ಮುಂದೆ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಪಟ್ಟಿ ಮಷಿನ್ನಿನೊಳಗೆ ಬೆಚ್ಚಗಿತ್ತು.



"ಇರ್ಲಿ ಬಿಡೋ ದೋಸ್ತ," ಎಂದ. "ನಿನ್ನ ಕೆಲ್ಸ ಆಗ್ಲಿ."

ಅವನಿಗೆ ಗೊತ್ತಾಗಿತ್ತು. ನಾನು ಕೆಲಸದ ಮಾತೇ ಎತ್ತಿರಲಿಲ್ಲ.

ಎರಡು ದಿನ ಮೂರಾಯಿತು. ನಡುವೆ ಕರೆಂಟು ಕೈಕೊಟ್ಟಿತು. ಬುಧವಾರ ಕಳಿಸಬೇಕೆಂದಿದ್ದೆ, ಗುರುವಾರ ಆಯಿತು, ಶುಕ್ರವಾರ ಹೇಗೂ ಅವನು ಆಸ್ಪತ್ರೆಯಲ್ಲಿ. ಶನಿವಾರ ಇನ್ನೊಂದು ಪುಟ, ಆದಿತ್ಯವಾರ ಬಸ್ಸು ಕಡಿಮೆ. ಮರುದಿನ ಸೋಮವಾರ ಬಂದಾಗ, ಹೇಗೂ ಇನ್ನು ನನ್ನದೇ ಪಾಳಿ ಎಂದು ನನಗೆ ನಾನೇ ಹೇಳಿಕೊಂಡೆ. ಕಲ್ಲು ಇಟ್ಟ ಕೈಗೆ ಕಾರಣಗಳು ತಾವಾಗಿಯೇ ಬರುತ್ತವೆ. ಆ ವಾರ ಅವನು ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಪಂಚಮಿಯ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ಅವನು ಎದ್ದು ಮುಖ ತೊಳೆದುಕೊಂಡು ಒಳಗೆ ಬಂದವನು ಹಾಗೇ ಗೋಡೆಗೆ ಒರಗಿ ಕೂತನಂತೆ. ಆಮೇಲೆ ಏಳಲಿಲ್ಲ. ನಾನು ಮಣ್ಣಿಗೆ ಹೋಗಿ ಬಂದೆ. ಅಲ್ಲಿ ಯಾರೋ ನನ್ನನ್ನು ತೋರಿಸಿ, ಇವರು ದೇವಿಂದ್ರನ ಖಾಸಾ ದೋಸ್ತರು ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದರು.

ಹದಿನೈದು ದಿನದ ಮೇಲೆ ಅವನ ಹೆಂಡತಿ ಶರಣಮ್ಮ ಫೋನ್ ಮಾಡಿದಳು. ಆ ಹುಡುಗಿಯ ಮನೆಯವರು ಪಂಚಮಿಗೆ ಬಂದು ಮುಚ್ಚಿದ ಸ್ಟುಡಿಯೋ ನೋಡಿ ತಿರುಗಿ ಹೋಗಿದ್ದಾರೆ, ಆಲ್ಬಂ ಮುಗಿದಿದೆ ಎಂದು ನಮ್ಮ ಯಜಮಾನರು ಹೇಳಿದ್ದರು, ನನಗೆ ಮಷಿನ್ ತೆರೆಯಲು ಬರುವುದಿಲ್ಲ, ನೀವು ಬಂದು ಅದನ್ನು ಅಚ್ಚು ಹಾಕಿಸಿ ಕೊಡಿ ಎಂದಳು. ಮುಗಿದಿದೆ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಆ ಮಷಿನ್ನಿನಲ್ಲಿ ಉಳಿದಿದ್ದದ್ದು ಕೊಂಡಾಗಿನಿಂದ ಇದ್ದ ಬರೀ ನಾಲ್ಕು ಜಿಬಿ. ಅಷ್ಟರಲ್ಲಿ ಆಲ್ಬಂ ಪುಟ ತೆರೆಯುವುದೇ ಇಲ್ಲ.

ಹೋಗಿ ತೆರೆದು ನೋಡಿದೆ. ಮುಗಿದಿತ್ತು. ಮೂವತ್ತು ಪುಟಗಳು. ಇಡೀ ಪುಟ ತೆರೆಯದ್ದಕ್ಕೆ ಅವನು ಪ್ರತಿ ಪುಟವನ್ನೂ ಎರಡು ತುಂಡು ಮಾಡಿದ್ದ. ಫೈಲುಗಳಿಗೆ ಹೆಸರು ಕೊಟ್ಟಿದ್ದ: ಒಂದು ಎಡ, ಒಂದು ಬಲ, ಒಂದು ಕೂಡಿಸಿದ್ದು. ಎರಡು ಎಡ, ಎರಡು ಬಲ, ಎರಡು ಕೂಡಿಸಿದ್ದು. ಫೈಲಿನ ಪಕ್ಕದಲ್ಲಿ ಅದನ್ನು ಉಳಿಸಿದ ದಿನ, ಹೊತ್ತು ಮಷಿನ್ ತಾನೇ ಬರೆದುಕೊಂಡಿರುತ್ತದೆ. ಓದಿದೆ. ನಾನು ಸುಳ್ಳು ಹೇಳಿದ ಸೋಮವಾರ ಸಂಜೆಯಿಂದ ಶುರುವಾಗಿತ್ತು. ಮಂಗಳವಾರ ಇಲ್ಲ. ಬುಧವಾರ ಬೆಳಿಗ್ಗೆಯಿಂದ ಸಂಜೆ. ಗುರುವಾರವೂ ಹಾಗೆಯೇ. ಶುಕ್ರವಾರ ಇಲ್ಲ. ಶನಿವಾರ, ಆದಿತ್ಯವಾರ, ಸೋಮವಾರ. ಒಂದು ಪುಟಕ್ಕೆ ಒಂದೂವರೆ ತಾಸು, ಎರಡು ತಾಸು. ಒಟ್ಟು ಆರು ದಿನ. ಪ್ರತಿ ಪುಟದಲ್ಲೂ ಮದುಮಕ್ಕಳ ಹಿಂದೆ ಜಲಪಾತ ಧುಮುಕುತ್ತಿತ್ತು. ಅದೊಂದನ್ನು ಬಿಟ್ಟಿದ್ದರೂ ಪುಟ ಹಗುರಾಗುತ್ತಿತ್ತು. ಅವನು ಬಿಟ್ಟಿರಲಿಲ್ಲ.

ಶರಣಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ಸೋಮವಾರ ಅವನು ಬಸ್ ನಿಲ್ದಾಣಕ್ಕೆ ಹೋಗಿ ಬಿಸಿಲಲ್ಲಿ ಮೂರು ಬಸ್ಸು ಕಾಯ್ದದ್ದನ್ನು ಹೇಳಿದಳು. ಸುರಪುರದಲ್ಲಿ ಯಾರೂ ಏನೂ ಕೊಟ್ಟಿಲ್ಲ ಎಂದು ಕಂಡಕ್ಟರು ಅಂದನಂತೆ. ಏನು ತರಲು ಹೋಗಿದ್ದ ಎಂದು ಅವಳಿಗೆ ಗೊತ್ತಿರಲಿಲ್ಲ. ಪಾಳಿಯ ವಿಷಯ ಅವನು ಮನೆಯಲ್ಲಿ ಬಿಡಿಸಿ ಹೇಳಿರಲಿಲ್ಲ. ಅವಳು ನನ್ನನ್ನು ಬೈಯುತ್ತಿರಲಿಲ್ಲ, ಸತ್ತವನನ್ನು ಬೈಯುತ್ತಿದ್ದಳು.

"ಕೊನೀ ವಾರ ನಮ್ಮ ಕಡಿ ತಿರುಗಿ ನೋಡ್ಲಿಲ್ರಿ ಅಣ್ಣಾರ. ಜೋಕಾಲಿ ಕಟ್ಟು ಅಂತ ಮಗಳು ಬೆನ್ನು ಹತ್ತಿತ್ತು. ಇದೊಂದು ಪುಟ ತೆರೀಲಿ ಬರ್ತೀನಿ, ಇದೊಂದು ಪುಟ ತೆರೀಲಿ ಬರ್ತೀನಿ, ಬರೇ ಇದೇ ಮಾತು. ಎಂಥಾ ಕಲ್ಲು ಮನಸಿನ ಮನಷ್ಯಾ ರೀ."

ಆಗಲೇ ಹೇಳಬೇಕಿತ್ತು. ಅವಳ ಮಾತು ಮುಗಿದ ಕೂಡಲೇ, ಅವನಲ್ಲ ನಾನು ಎಂದು ಹೇಳಬೇಕಿತ್ತು. ನಾನು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಚಾ ಕುಡಿದು, ಬಸ್ಸು ಹತ್ತಿದೆ. ಆಲ್ಬಂ ಅಚ್ಚು ಹಾಕಿಸಿ ಆ ಮನೆಗೆ ಮುಟ್ಟಿಸಿದೆ. ಹುಡುಗಿ ಗಂಡನ ಮನೆಗೆ ಹೋಗಿಯಾಗಿತ್ತು. ಅವಳ ತಾಯಿ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಒಂದೊಂದೇ ಪುಟ ತಿರುವಿ, ನೀರು ಭಾಳ ಚಂದ ಅದಾವ ಎಂದಳು.

ಒಂದು ವರ್ಷ ಇದನ್ನು ಹೊತ್ತುಕೊಂಡು ತಿರುಗಿದೆ. ಈ ನಡುವೆ ಆ ಎಸ್‌ಎಸ್‌ಡಿಯನ್ನೂ ಹಾಕಿಸಿದೆ, ಬ್ಯಾಟರಿಯನ್ನೂ ಹಾಕಿಸಿದೆ. ಮಷಿನ್ ಈಗ ಓಡುತ್ತದೆ. ದೇವಿಂದ್ರ ರೋಗದಿಂದ ಸತ್ತ, ನನ್ನಿಂದಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ಇದು ನನಗೆ ಗೊತ್ತು, ನೀವೂ ಇದನ್ನೇ ಹೇಳುತ್ತೀರಿ. ನಾನು ತೆಗೆದುಕೊಂಡದ್ದು ಅವನ ಜೀವವನ್ನಲ್ಲ. ಉಳಿದಿದ್ದ ಎಂಟು ಹತ್ತು ದಿನದಲ್ಲಿ, ಸುತ್ತುವ ಗಾಲಿಯನ್ನು ನೋಡುತ್ತ ಅವನು ಕೂರುವಂತೆ ಮಾಡಿದೆ, ಅಷ್ಟೇ. ಈ ಅಷ್ಟೇ ಎಂಬ ಮಾತನ್ನು ಎಷ್ಟು ಸಲ ಅಂದರೂ ಅದು ಸಣ್ಣದಾಗುವುದಿಲ್ಲ.

ಹೋದ ವಾರ ವರ್ಷಾಂತಕ್ಕೆ ಶಹಾಪುರಕ್ಕೆ ಹೋದೆ. ಊಟ ಮುಗಿದು ಜನ ಹೋದ ಮೇಲೆ ಪಟ್ಟಿಯನ್ನು ತೆಗೆದು ಶರಣಮ್ಮನ ಮುಂದೆ ನೆಲದ ಮೇಲೆ ಇಟ್ಟೆ. ಇದು ಏನು, ಯಾರದು, ಆ ಸೋಮವಾರ ಎಲ್ಲಿತ್ತು, ನಾನು ಫೋನಿನಲ್ಲಿ ಏನು ಹೇಳಿದೆ ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಹೋಗಿದ್ದೆ. ಅವಳು ಆ ಹಸಿರು ಹಲಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಇದ್ದಿದ್ರ ಆ ಕೆಲ್ಸ ಎಷ್ಟು ದಿನದಾಗ ಆಗ್ತಿತ್ರಿ ಅಣ್ಣಾರ?"

"ಒಂದು ದಿನ."

ಅವಳು ಬೆರಳು ಮಡಚಿದಳು. ಒಂದೊಂದೇ ಮಡಚಿ, ಒಂದು ಬಿಚ್ಚಿದಳು.

"ಐದು ದಿನ," ಎಂದಳು. ಆಮೇಲೆ, "ಅವರಿಗೆ ಏನೇನ್ ಅಂದೀನ್ರಿ ನಾ. ಕಲ್ಲು ಮನಸು ಅಂದೀನಿ. ಮಗಳಿಗೂ ಹಂಗೇ ಹೇಳೀನಿ."

ಅವಳು ಪಟ್ಟಿಯನ್ನು ನನ್ನ ಕಡೆಗೆ ಸರಿಸಿದಳು. ಮಷಿನ್ ಮಾರಿದ್ದೇನೆ, ಇದನ್ನು ಹಾಕಲು ಇಲ್ಲಿ ಏನೂ ಇಲ್ಲ, ನೀವೇ ಒಯ್ಯಿರಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿಗೆ ಹೊತ್ತಾಯಿತು, ಹೋಗಿ ಬರ್ರಿ ಎಂದು ಒಳಗೆ ಹೋದಳು. ಯಾವಾಗಲೂ ಬಾಗಿಲತನಕ ಬಂದು ಕಳಿಸುತ್ತಿದ್ದವಳು.

ಹಾಗಾಗಿ ಪಟ್ಟಿ ನನ್ನಲ್ಲೇ ಇದೆ. ಇನ್ನು ಪಾಳಿ ಇಲ್ಲ, ಎಲ್ಲ ವಾರವೂ ನನ್ನವೇ. ಇವತ್ತು ಅದನ್ನು ಉಜ್ಜಿ ಕೂರಿಸಿದ ಮೇಲೆ ಪರದೆ ಬಂತು. ಒಂದು ಆಲ್ಬಂ ಇತ್ತು, ಪುಟಗಳು ಒತ್ತಿದ ಕೂಡಲೇ ತೆರೆದುಕೊಂಡವು. ಮೊದಲಾಗಿದ್ದರೆ ಆ ಉಳಿದ ಹೊತ್ತಿಗೆ ಇನ್ನೊಂದು ಆರ್ಡರ್ ಎತ್ತಿಕೊಳ್ಳುತ್ತಿದ್ದೆ. ಇವತ್ತು ಮೂರು ಗಂಟೆಗೇ ಶಟರ್ ಎಳೆದು ಮನೆಗೆ ನಡೆದೆ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಈ ಹೊತ್ತಿನಲ್ಲಿ ಕಂಡು ಮೊರ ಕೆಳಗಿಟ್ಟಳು.

"ಯಾಕ್ರೀ, ಆರಾಮ್ ಇಲ್ಲೇನು?"

ಅವಳ ಎದುರಿಗೆ ಕೂತೆ. ಏನಾದರೂ ಮಾತಾಡಬೇಕೆಂದು ಬಂದಿದ್ದೆ. ಮೊರವನ್ನು ನನ್ನ ಕಡೆಗೆ ಎಳೆದುಕೊಂಡು ಅಕ್ಕಿಯಲ್ಲಿದ್ದ ಒಂದು ಕಲ್ಲು ಹೆಕ್ಕಿದೆ.

"ಏನಿಲ್ಲ," ಎಂದೆ. "ಕೆಲ್ಸ ಲಗೂನ ಮುಗೀತು."